ಅಬಲೋನಿ ಪದಕಕ್ಕೆ ಹುಳಿಸ್ನಾನ

ಹೆಂಡತಿಯ ಒಡವೆಯನ್ನು ಗಂಡಸರು ಹೊಗಳಿ ಸುಮ್ಮನಾಗಬೇಕು, ಮುಟ್ಟಬಾರದು. ಇದು ಅಂಕೋಲೆಯ ಮದುವೆಯೊಂದಕ್ಕೆ ಹೊರಟ ಬೆಳಿಗ್ಗೆ ನನಗಾದ ಜ್ಞಾನೋದಯ.

ನನ್ನ ಹೆಂಡತಿ ಶೋಭಾಳ ತಮ್ಮ ಗಜು ಹಡಗಿನಲ್ಲಿ ಕೆಲಸಕ್ಕಿದ್ದ. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿದವಳು ಇವಳೇ. ಆ ಸಲ ರಜೆಗೆ ಬಂದವನು ಅಕ್ಕನಿಗೆಂದು ಅಬಲೋನಿ ಚಿಪ್ಪಿನ ಪದಕ ತಂದಿದ್ದ. ದೂರದ ಸಮುದ್ರಗಳಲ್ಲಿ ಬಂಡೆ ಕಚ್ಚಿಕೊಂಡು ಬದುಕುವ ದೊಡ್ಡ ಬಸವನಹುಳುವೊಂದರ ಚಿಪ್ಪಂತೆ ಅದು. ಹೀಗೆ ಹಿಡಿದರೆ ನವಿಲುಗರಿ, ಹಾಗೆ ಹಿಡಿದರೆ ಸಂಜೆಯ ಕಡಲು. ದೇವಬಾಗದ ಮರಳಿನಲ್ಲಿ ಚಿಪ್ಪು ಹೆಕ್ಕುತ್ತಲೇ ಬೆಳೆದ ಶೋಭಾ ಕೂಡ ಬಾಯಿ ಬಿಟ್ಟುಕೊಂಡು ನೋಡಿದ್ದಳು.

ಮದುವೆಯ ದಿನ ಪದಕದ ಮೇಲೊಂದು ಅರಿಶಿನದ ಕಲೆ ಕಂಡಿತು. “ಸ್ವಲ್ಪ ಒರೆಸಿ ಕೊಡಿ” ಎಂದು ನನ್ನ ಕೈಗಿತ್ತು ಅವಳು ಸೀರೆ ಉಡಲು ಹೋದಳು. ತಾಮ್ರದ ಚೊಂಬು ಹೊಳೆಯುವುದು ಹುಳಿಗೆ ತಾನೇ? ಬಟ್ಟಲ ತಳಕ್ಕೆ ತುಸು ನಿಂಬೆರಸ ಹಿಂಡಿ, ಪದಕವನ್ನು ಬೋರಲು ಮಲಗಿಸಿ, ಗಡ್ಡ ಹೆರೆಯಲು ಕೂತೆ. ಅಂದಹಾಗೆ, ನಾನು ಕಾರವಾರದ ಹೈಸ್ಕೂಲೊಂದರ ವಿಜ್ಞಾನದ ಮೇಷ್ಟ್ರು. ಚಿಪ್ಪಿಗೆ ಆಮ್ಲ ತಗುಲಿದರೆ ಗುಳ್ಳೆ ಏಳುತ್ತದೆಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವವನು. ಬೋರ್ಡಿನ ಮೇಲಿನದು ನಮ್ಮ ಅಡುಗೆಮನೆಗೂ ಅನ್ವಯಿಸುತ್ತದೆ ಎಂದು ಯಾರಿಗೆ ಗೊತ್ತು!

ಬಂದು ನೋಡುತ್ತೇನೆ, ಬಟ್ಟಲ ತುಂಬ ಗುಳ್ಳೆ! ಪದಕ ಎತ್ತಿದೆ. ನವಿಲು ಹಾರಿಹೋಗಿ ಸುಣ್ಣ ಬಳಿದ ಗೋಡೆಯ ಚೂರೊಂದು ಉಳಿದಿತ್ತು.

“ಅಯ್ಯೋ ದೇವಾ! ಎಂತ ಮಾಡಿದ್ರಿ ಇದ್ಕೆ?”

“ನಿಂಬೆರಸ...”

“ನಿಂಬೆರಸ ಮೀನಿಗೆ ಹಾಕೂದು ಮಾರಾಯ್ರೆ! ಗಜು ಕೇಳಿದ್ರೆ ಎಂತ ಹೇಳಲಿ?” ಶೋಭಾಳ ಕಣ್ಣು ತುಂಬಿತು. ನಾನು ಪದಕವನ್ನು ಮೆಲ್ಲಗೆ ಕಿಸೆಗೆ ಸೇರಿಸಿದೆ. ಅಂಕೋಲೆ ಮುಟ್ಟುವವರೆಗೂ ಬಸ್ಸಿನಲ್ಲಿ ಅವಳು ಕಿಟಕಿಯಾಚೆಗೇ ಮುಖ ಮಾಡಿ ಕೂತಳು.

ಮಂಟಪದ ಬಾಗಿಲಲ್ಲೇ ಗಜು ಸಿಕ್ಕ. “ಅಕ್ಕಾ, ಪದಕ ಎಲ್ಲಿ?”

“ನಿನ್ನ ಭಾವನ ಹತ್ರ ಕೇಳು.”

ಕಿಸೆಯಿಂದ ತೆಗೆದು ಕೊಟ್ಟು, ನಡೆದದ್ದನ್ನೆಲ್ಲ ತಲೆ ತಗ್ಗಿಸಿ ಹೇಳಿದೆ. ಅವನು ಪದಕವನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ, “ಭಾವಾ, ಸಮುದ್ರ ಸಮುದ್ರ ದಾಟಿ ಬರೂವಾಗ ಇದಕ್ಕೆ ಎಂತದೂ ಆಗಲಿಲ್ಲ. ನಿಮ್ಮ ಅಡುಗೆಮನೆ ದಾಟಲಿಕ್ಕೆ ಆಗಲಿಲ್ಲ ನೋಡಿ!” ಎಂದವನೇ ಪದಕ ಮಗುಚಿದ. ರಸ ಮುಟ್ಟದ ಹಿಂಬದಿಯಲ್ಲಿ ನೀಲಿ-ಹಸಿರು ಹಾಗೇ ಮಿಂಚುತ್ತಿತ್ತು! ಅದನ್ನೇ ಮುಂದೆ ಮಾಡಿ ಅಕ್ಕನ ಸರಕ್ಕೆ ಪೋಣಿಸಿದ. ಶೋಭಾ ಅಳುತ್ತಲೇ ನಕ್ಕುಬಿಟ್ಟಳು.

ಗಜು ಸುಮ್ಮನಿರುವ ಜಾತಿಯಲ್ಲ. ಪಾಯಸ ಬರುವ ಹೊತ್ತಿಗೆ ಕಥೆ ಎಲೆಯಿಂದ ಎಲೆಗೆ ದಾಟಿ ಮಂಟಪವನ್ನೆಲ್ಲ ಸುತ್ತಿತ್ತು. ಕೊನೆಗೆ ಆಶೀರ್ವಾದಕ್ಕೆಂದು ವಧೂವರರು ನನ್ನ ಕಾಲಿಗೆರಗಿದರು. ಮದುಮಗ ಒಂದೇ ಕೈಯಲ್ಲಿ ನಮಸ್ಕರಿಸಿದ. ಉಂಗುರವಿದ್ದ ಇನ್ನೊಂದು ಕೈ ಬೆನ್ನ ಹಿಂದಿತ್ತು.