ನಂಬರ್ ಬಿದ್ದ ಬ್ಲಾಗು

ಕೈ ಮಾಡಿದ ತಪ್ಪಿಗೆ ತಲೆ ಹೊಣೆಯಲ್ಲ ಎಂದು ನಂಬರಪ್ಪ ಆಮೇಲೆ ಎಷ್ಟು ವಾದಿಸಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಗ್ಗೆ ಹತ್ತೂಕಾಲಿಗೆ ಟಪಾಲಿನ ರಾಶಿ ಎಳೆದುಕೊಂಡು ಹದಿನಾಲ್ಕು ಕಾಗದಗಳಿಗೆ ದಬದಬನೆ ಮೊಹರು ಒತ್ತಿದ ಅವನ ಕೈ, ಅದೇ ಜೋರಿನಲ್ಲಿ ಹದಿನೈದನೆಯದಕ್ಕೂ ಒತ್ತಿತು. ಪಕ್ಕದಲ್ಲಿ 1147 ಎಂದು ಬರೆಯಿತು. ಬಂದ ಕಾಗದಗಳ ಆವಕ ಪುಸ್ತಕದಲ್ಲೂ ಏರಿಸಿಬಿಟ್ಟಿತು. ಹದಿನೈದನೆಯದು ಟಪಾಲಾಗಿರಲಿಲ್ಲ. ಅವನೇ ಬೆಳಗ್ಗೆ ಬಸ್ಸಿನಲ್ಲಿ ಕೂತು ಬರೆದುಕೊಂಡು ಬಂದ ಹಾಳೆ ಅದು. ನೆತ್ತಿಯ ಮೇಲೆ ದುಂಡಗೆ ಬರೆದಿತ್ತು: "ಬ್ಲಾಗಿನಲ್ಲಿ ಮಾಡಬೇಕಾದ ಬದಲಾವಣೆಗಳು."

ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಅಳತೆಪಟ್ಟಿಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹೊಡೆಯುವ ತೂಕ ಮತ್ತು ಅಳತೆ ಕಚೇರಿಯಲ್ಲಿ ಅವನು ಟಪಾಲು ಗುಮಾಸ್ತ. ಬಾಗಿಲು ದಾಟಿ ಬಂದ ಯಾವ ಕಾಗದವನ್ನೂ ಹನ್ನೊಂದು ವರ್ಷದಲ್ಲಿ ನಂಬರಿಲ್ಲದೆ ಒಳಗೆ ಬಿಟ್ಟವನಲ್ಲ. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದು, ಉಳಿದೆಲ್ಲರ ಬಾಯಲ್ಲೂ ನಂಬರಪ್ಪನೇ ಆಗಿದ್ದ.

ಇಂಥ ಮನುಷ್ಯ ಆರು ವರ್ಷದಿಂದ "ಓದಿ ಮುಗಿಸಿದೆ" ಎಂಬ ಬ್ಲಾಗು ನಡೆಸುತ್ತಿದ್ದ. ಓದಿದ ಪುಸ್ತಕಗಳ ಬಗ್ಗೆ ಅಲ್ಲಿ ಬರೆಯುತ್ತಿದ್ದ. ದಿನಕ್ಕೆ ಮೂರು ಜನ ಬಂದು ಹೋಗುತ್ತಿದ್ದರು. ಅವರಲ್ಲಿ ಒಬ್ಬ ಅವನೇ, ಎಷ್ಟು ಜನ ಬಂದರೆಂದು ನೋಡಲು ಹೋದವನು. ಓದುಗರು ಕಡಿಮೆಯಾದರೂ ಆ ಬ್ಲಾಗೆಂದರೆ ಅವನಿಗೆ ಪ್ರಾಣ. ದಿನವಿಡೀ ಊರವರ ಕಾಗದ ಕಾಯುವವನಿಗೆ, ಯಾರ ಸಹಿಯೂ ಬೇಕಿಲ್ಲದ ಜಾಗ ಲೋಕದಲ್ಲಿ ಅದೊಂದೇ ಇತ್ತು.

ಕಷ್ಟವೇನೆಂದರೆ ಅವನ ಬರಹವೆಲ್ಲ ಒಂದೇ ಅಚ್ಚಿನದು. ಎಲ್ಲ ಪುಸ್ತಕವೂ "ಸಂಗ್ರಹಯೋಗ್ಯ", ಎಲ್ಲ ಲೇಖಕರೂ "ಭರವಸೆ ಮೂಡಿಸುತ್ತಾರೆ". ಅದನ್ನು ಬದಲಾಯಿಸಬೇಕು ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದ. ಬೆಳಗ್ಗೆ ಹೆಂಡತಿ ಊಟದ ಡಬ್ಬಿಯ ಮುಚ್ಚಳ ಒತ್ತುತ್ತಾ, "ರೀ, ಒಂದೋ ಇವತ್ತು ಬದಲಾಯಿಸಿ, ಇಲ್ಲಾಂದ್ರೆ ಇನ್ಮೇಲೆ ಆ ಮಾತೇ ಎತ್ಬೇಡಿ. ನನ್ ಕಿವಿ ತೂತು ಬಿತ್ತು" ಎಂದಿದ್ದಳು. ನಂಬರಪ್ಪ ಟೊಂಕ ಕಟ್ಟಿದ. ಸಂಜೆ ಐದರೊಳಗೆ ತೀರ್ಮಾನ, ಆರಕ್ಕೆ ಹೊಸ ಬ್ಲಾಗು. ಬಸ್ಸಿನಲ್ಲೇ ಬರೆದ: ವಾರಕ್ಕೆ ಒಂದೇ ಪುಸ್ತಕ. ಕೆಟ್ಟದ್ದನ್ನು ಕೆಟ್ಟದ್ದು ಎನ್ನುವುದು. ಗ್ರಂಥಾಲಯದಲ್ಲಿ ಯಾರೂ ಮುಟ್ಟದ ಪುಸ್ತಕಗಳನ್ನು ಹುಡುಕಿ ಓದುವುದು. ಕತೆಯ ಸಾರಾಂಶ ಬಿಟ್ಟು, ಓದುವಾಗ ತನಗೇನಾಯಿತೋ ಅದನ್ನು ಬರೆಯುವುದು.

ಈಗ ಆ ಹಾಳೆಯ ಮೇಲೆ ನೇರಳೆ ಮೊಹರು ಹಸಿಹಸಿಯಾಗಿ ಹೊಳೆಯುತ್ತಿತ್ತು. ಅವನು ಅತ್ತಿತ್ತ ನೋಡಿ ಹಾಳೆ ಮಡಚಿ ಜೇಬಿಗಿಳಿಸಲು ಹೊರಟ.

"ಸಾರ್, ನಂಬರ್ ಬಿದ್ದಿರೋ ಕಾಗದ ಜೇಬಿಗೆ ಹೋಗ್ತಿದೆ!" ಎದುರು ಮೇಜಿನ ಬೆರಳಚ್ಚು ಮೇಡಂ ಕೂಗಿದರು. ಅವರ ಕಣ್ಣು ಕೀಲಿಗಳ ಮೇಲೆ ಇರುವುದು ಕಡಿಮೆ.

"ಇದು ನನ್ ಸ್ವಂತದ್ದು ಮೇಡಂ. ಕೈ ತಪ್ಪಿ ಬಿತ್ತು."

ಮೂಲೆಯಿಂದ ಹೆಡ್ ಗುಮಾಸ್ತರು ಎದ್ದು ಬಂದರು. ಹೋದ ವರ್ಷ ಅವರ ಮಗಳ ಮದುವೆಗೆ ಬೀಗರು ಅಚ್ಚು ಹಾಕಿಸಿ ಕಳಿಸಿದ ಕರೆಯೋಲೆ ಟಪಾಲಿನಲ್ಲಿ ಸೇರಿಕೊಂಡಾಗ, ನಂಬರ್ ಬಿದ್ದ ಮೇಲೆ ವಿಲೇವಾರಿ ಆಗಲೇಬೇಕು ಎಂದು ಹಟ ಹಿಡಿದಿದ್ದವನು ಇದೇ ನಂಬರಪ್ಪ. ಬೀಗರ ಮನೆಗೆ "ತಮ್ಮ ಉಲ್ಲೇಖಿತ ಮದುವೆಯನ್ನು ಪರಿಶೀಲಿಸಲಾಗಿದೆ" ಎಂದು ಉತ್ತರ ಹೋಗಿತ್ತು. ಆ ಉರಿ ಹೆಡ್ ಗುಮಾಸ್ತರಿಗೆ ಇನ್ನೂ ಆರಿರಲಿಲ್ಲ.

"ಹರಿಯೋ ಹಾಗಿಲ್ಲ, ಜೇಬಿಗೆ ಹಾಕೋ ಹಾಗಿಲ್ಲ, ನಂಬರಪ್ಪನವರೇ. ಕಡತ ತೆರೀರಿ. ಸಂಬಂಧಪಟ್ಟ ಶಾಖೆಗಳ ಅಭಿಪ್ರಾಯ ತಗೊಳ್ಳಿ, ಆಮೇಲೆ ಸಾಹೇಬರ ಸಹಿ. ಇದನ್ನೆಲ್ಲ ನಮಗೆ ಕಲಿಸಿದೋರು ನೀವೇ ಅಲ್ವಾ?"

ನಂಬರಪ್ಪ ಹಲ್ಲು ಕಚ್ಚಿದ. ಆಗಲಿ, ಐದರೊಳಗೆ ಇದನ್ನೂ ಮುಗಿಸಿಯೇ ತೀರುತ್ತೇನೆ ಎಂದು ಕಡತಕ್ಕೆ ದಾರ ಕಟ್ಟಿ ತಾನೇ ಹೊತ್ತುಕೊಂಡು ಹೊರಟ.

ಮೊದಲ ಅಭಿಪ್ರಾಯ ಬೆರಳಚ್ಚು ಮೇಡಂ ಅವರದೇ. "ನೋಡಿ ಸಾರ್, ಕೊನೇ ಪುಟದಲ್ಲಿ ಏನಾಗುತ್ತೆ ಅಂತ ಮೊದಲನೇ ಸಾಲಲ್ಲೇ ಹೇಳ್ಬಿಡಿ. ನಮಗೂ ಓದೋ ಕಷ್ಟ ತಪ್ಪುತ್ತೆ" ಎಂದು ಹೇಳಿ, ಅದನ್ನೇ ಟಿಪ್ಪಣಿಯಾಗಿ ಅಂದವಾಗಿ ಅಚ್ಚು ಮಾಡಿ ಕೊಟ್ಟರು.

ಎರಡನೆಯದು ತಕ್ಕಡಿ ಪರೀಕ್ಷಕರದು. ಹಾಳೆಯನ್ನು ಎರಡು ಸಲ ಓದಿ ಅವರು ಗಂಭೀರವಾಗಿ ತಲೆಯೆತ್ತಿದರು. "ಪುಸ್ತಕ ಚೆನ್ನಾಗಿದೆ ಅಂತೀರಲ್ಲ, ಎಷ್ಟು ಚೆನ್ನಾಗಿದೆ? ಅಳೆಯೋ ಮಾನ ಏನು? ಮಾನ ಇಲ್ಲದೆ ಹೇಗ್ರೀ ಜನಕ್ಕೆ ಹೇಳ್ತೀರಾ? ಒಂದು ಮಾದರಿ ಕೊಡಿ."

ನಂಬರಪ್ಪ ಬ್ಯಾಗಿನಿಂದ ತಾನು ಓದುತ್ತಿದ್ದ ಗ್ರಂಥಾಲಯದ ಕಾದಂಬರಿ ತೆಗೆದು ಕೊಟ್ಟ. ಪರೀಕ್ಷಕರು ತೂಗಿದರು. ನಾನ್ನೂರ ಹನ್ನೆರಡು ಗ್ರಾಂ. "ಹತ್ತು ಗ್ರಾಮಿಗೆ ಒಂದು ಸಾಲಿನಂತೆ ವಿಮರ್ಶೆ ಇರಲಿ" ಎಂದು ಬರೆದರು. ಬರೆದವರು ಅಷ್ಟಕ್ಕೇ ನಿಲ್ಲಲಿಲ್ಲ. ಕಾದಂಬರಿಗೆ ಉದ್ದಕ್ಕೂ ಅಡ್ಡಕ್ಕೂ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರು.

"ಅಯ್ಯೋ, ಇನ್ನೂ ನಲವತ್ತು ಪುಟ ಬಾಕಿ ಇದೆ! ನಾಡಿದ್ದು ಹಿಂತಿರುಗಿಸ್ಬೇಕು!"

"ಮಾದರಿ ಅಂತ ತಗೊಂಡ ಮೇಲೆ ಮುಗೀತು. ಮೂರು ವರ್ಷ ಕಾಪಾಡ್ಬೇಕು. ಆಮೇಲೆ ಬಂದು ಕೇಳಿ."

ಕಾನೂನು ಶಾಖೆಯ ಕನ್ನಡಕದವರಂತೂ ಎರಡನೆಯ ಅಂಶ ಓದಿಯೇ ಬೆವರಿದರು. "ಕೆಟ್ಟ ಪುಸ್ತಕ ಅಂತ ಬರೀತೀರಾ? ನೇರವಾಗಿ? ಲಕ್ಷಣವಾಗಿ ಸಂಸಾರ ಮಾಡ್ಕೊಂಡಿರೋ ಮನುಷ್ಯ, ನಿಮಗ್ಯಾಕೆ ಈ ಉಸಾಬರಿ?" ಎಂದು ಕೆಂಪು ಶಾಯಿಯಲ್ಲಿ ತಿದ್ದಿದರು. ಕೆಟ್ಟದು ಎಂಬುದರ ಬದಲು "ಚೆನ್ನಾಗಿದೆ ಎನ್ನಲು ಸದ್ಯಕ್ಕೆ ಸಾಕ್ಷ್ಯ ಸಾಲದು" ಎಂದಾಯಿತು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮೂರೂ ಅಂತಸ್ತಿಗೆ ಹಬ್ಬಿತ್ತು. ಸಂಬಂಧ ಇದ್ದವರೂ ಇಲ್ಲದವರೂ ಕಡತ ಇಸಿದುಕೊಂಡು ಒಂದೊಂದು ಸಾಲು ಗೀಚಿದರು. ಒಬ್ಬರಿಗೆ ಅಕ್ಷರ ದಪ್ಪ ಬೇಕು, ಇನ್ನೊಬ್ಬರಿಗೆ ಪುಸ್ತಕಗಳ ಬದಲು ಬೆನ್ನುನೋವಿನ ಬಗ್ಗೆ ಬೇಕು. ಹೆಂಡತಿ ಫೋನ್ ಮಾಡಿ, "ತೀರ್ಮಾನ ಆಯ್ತಾ?" ಎಂದು ಕೇಳಿದಳು. "ಆಗ್ತಾ ಇದೆ. ಇಪ್ಪತ್ತಮೂರು ಜನ ಸೇರಿ ಮಾಡ್ತಾ ಇದ್ದಾರೆ" ಎಂದ ನಂಬರಪ್ಪ. ಅವಳು ಫೋನ್ ಇಟ್ಟ ರಭಸ ಬೆರಳಚ್ಚು ಮೇಡಂಗೂ ಕೇಳಿಸಿತು.

ಅವನ ಬ್ಲಾಗಿನಲ್ಲಿ ಈಗ ಅವನದೆಂಬುದು ಒಂದೂ ಉಳಿದಿರಲಿಲ್ಲ. ಏನಾದರಾಗಲಿ, ಸಾಹೇಬರ ಎದುರು ನಿಂತು ಹೇಳಿಯೇ ಬಿಡುತ್ತೇನೆ ಎಂದು ಮೂರೂವರೆಗೆ ಕಡತ ಹಿಡಿದು ಸೀದಾ ಅವರ ಕೋಣೆಗೆ ನುಗ್ಗಿದ. ಹನ್ನೊಂದು ವರ್ಷದಲ್ಲಿ ಆ ಬಾಗಿಲನ್ನು ತಟ್ಟದೆ ತೆರೆದದ್ದು ಅದೇ ಮೊದಲು.

"ಸಾರ್, ಇದು ನನ್ ಬ್ಲಾಗು. ಯಾರಪ್ಪಂದೂ ಅಲ್ಲ. ನನಗೆ ಹೇಗೆ ಬೇಕೋ ಹಾಗೆ ಬರೀತೀನಿ. ಇವರ ಅಭಿಪ್ರಾಯ ನನಗೆ ಬೇಡ!"

ತನ್ನ ದನಿಗೆ ತಾನೇ ಬೆಚ್ಚಿದ. ಸಾಹೇಬರು ಕಡತದ ಮೊದಲ ಹಾಳೆಯಿಂದ ಕೊನೆಯವರೆಗೂ ಓದಿದರು. ಕಂಪ್ಯೂಟರಿನಲ್ಲಿ ಬ್ಲಾಗನ್ನೂ ತೆರೆದು ನೋಡಿದರು. ಒಂದು ಸಲ ಆಕಳಿಸಿದರು. ಆಮೇಲೆ ಕನ್ನಡಕ ತೆಗೆದು ಹೇಳಿದರು: "ಸರಿಯಾಗಿ ಹೇಳಿದ್ರಿ. ಸ್ವಂತ ವಿಷಯಕ್ಕೆ ಇವರೆಲ್ಲ ಯಾಕ್ರೀ ಮೂಗು ತೂರಿಸ್ತಾರೆ? ಕೊಡಿ ಇಲ್ಲಿ."

ಅಷ್ಟೂ ಟಿಪ್ಪಣಿಗಳ ಮೇಲೆ ಅಡ್ಡಗೆರೆ ಎಳೆದು ಕೆಳಗೆ ಬರೆದರು: "ಅರ್ಜಿದಾರರು ತಮ್ಮ ಬ್ಲಾಗನ್ನು ತಮಗೆ ತೋಚಿದಂತೆ ನಡೆಸಲು ಇಂದಿನಿಂದ ಅನುಮತಿ ನೀಡಿದೆ."

ನಂಬರಪ್ಪನಿಗೆ ಕಣ್ಣು ತುಂಬಿ ಬಂತು. ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದು ಕಡತವನ್ನು ಹೆಡ್ ಗುಮಾಸ್ತರ ಮೇಜಿನ ಮೇಲೆ ಕುಕ್ಕಿದ. "ತಗೊಳ್ಳಿ. ವಿಲೇವಾರಿ!"

ಹೆಡ್ ಗುಮಾಸ್ತರು ನಿಧಾನವಾಗಿ ಓದಿದರು. ಇನ್ನೊಮ್ಮೆ ಓದಿದರು. ಅವರ ಮುಖ ಹುಣ್ಣಿಮೆಯಂತೆ ಅರಳಿತು.

"ಇಂದಿನಿಂದ ಅನುಮತಿ. ತುಂಬಾ ಸಂತೋಷ. ಹಾಗಾದ್ರೆ ನಿನ್ನೆವರೆಗೆ?"

"ನಿನ್ನೆವರೆಗೆ ಏನು?"

"ಅನುಮತಿ ಬೇಕಾಗಿದ್ದಕ್ಕೇ ತಾನೇ ಸಾಹೇಬರು ಕೊಟ್ಟಿದ್ದು? ಅಂದ್ಮೇಲೆ ಆರು ವರ್ಷ ಅನುಮತಿ ಇಲ್ಲದೆ ನಡೆಸಿದ್ರಿ. ಮುದ್ರೆ ಇಲ್ಲದ ತಕ್ಕಡಿಯಲ್ಲಿ ಆರು ವರ್ಷ ವ್ಯಾಪಾರ ಮಾಡಿದೋನನ್ನ ನಾವು ಸುಮ್ನೆ ಬಿಡ್ತೀವಾ?"

ಹೆಡ್ ಗುಮಾಸ್ತರ ಜಾಗದಲ್ಲಿ ತಾನಿದ್ದಿದ್ದರೆ ತಾನೂ ಇದೇ ಪ್ರಶ್ನೆ ಕೇಳುತ್ತಿದ್ದೆ ಎಂಬುದು ನಂಬರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ಗಂಟೆಗೆ ಕಾರಣ ಕೇಳುವ ನೋಟೀಸು ಅವನ ಕೈಸೇರಿತು. ಆರು ವರ್ಷದ ಬರವಣಿಗೆಗೆ ಲಿಖಿತ ವಿವರಣೆ ಕೊಡಬೇಕು. ಅದು ತೃಪ್ತಿಕರವೆಂದು ಕಾಣುವವರೆಗೆ ಬ್ಲಾಗು ಮುಚ್ಚಿರಬೇಕು.

ಇನ್ನೂ ಒಂದು ಗಂಟೆ ಇತ್ತು. ಸೋಲುವುದಿಲ್ಲ ಎಂದುಕೊಂಡ ನಂಬರಪ್ಪ ಬಿಳಿ ಹಾಳೆ ಎಳೆದುಕೊಂಡು ಬರೆಯತೊಡಗಿದ. ಸಿಟ್ಟಿನಲ್ಲಿ ಕೈಗೆ ಲಂಗುಲಗಾಮಿರಲಿಲ್ಲ. ಯಾಕೆ ಓದಿದೆ, ಯಾಕೆ ಬರೆದೆ, ಎಲ್ಲ ಬರೆದ. ಒಂದು ಪುಸ್ತಕದ ಗುಂಗಿನಲ್ಲಿ ಬಸ್ಸಿನ ಕೊನೆಯ ನಿಲ್ದಾಣದವರೆಗೆ ಹೋಗಿ, ಚಾಲಕ ಎಬ್ಬಿಸಿ ಇಳಿಸಿದ್ದನ್ನು ಬರೆದ. "ಸಂಗ್ರಹಯೋಗ್ಯ" ಎಂದು ತಾನು ಹೊಗಳಿದ ಗ್ರಂಥವೊಂದು ಮೂರು ವರ್ಷದಿಂದ ಮಂಚದ ಮುರಿದ ಕಾಲಿಗೆ ಆಸರೆಯಾಗಿದ್ದು, ಅದರ ಬೆಲೆ ಅಷ್ಟೇ ಎಂದು ಬರೆದ. ಗ್ರಂಥಾಲಯದ ಕೆಳಗಿನ ಸಾಲಿನಲ್ಲಿ ಹುಟ್ಟಿದಂದಿನಿಂದ ಯಾರೂ ತೆರೆಯದ ಪುಸ್ತಕ ಸಿಕ್ಕಿ, ಅದರ ಅಂಟಿಕೊಂಡ ಪುಟಗಳನ್ನು ಹೆಂಡತಿಯ ಹೇರ್‌ಪಿನ್ನಿನಿಂದ ಬಿಡಿಸಿ ಬಿಡಿಸಿ ಓದಿ ಅತ್ತಿದ್ದನ್ನೂ ಬರೆದ.

ಒಂದೊಂದು ಹಾಳೆ ಮುಗಿದ ಹಾಗೆ ಬೆರಳಚ್ಚು ಮೇಡಂ ಕಿತ್ತುಕೊಂಡು ಹೋದರು. ಅಚ್ಚು ಮಾಡುವುದು ಬಿಟ್ಟು ಕೂತು ಓದಿದರು. ತಕ್ಕಡಿ ಪರೀಕ್ಷಕರು ಅವರ ಹೆಗಲ ಮೇಲಿಂದ ಬಗ್ಗಿದರು. ಕಾನೂನಿನವರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. "ಮುಂದಿನ ಹಾಳೆ ಎಲ್ಲಿ? ಬೇಗ ಬರೀರಿ ಸಾರ್!" ಎಂದು ನಾಲ್ಕು ಕಡೆಯಿಂದ ಕೂಗು. ಆರು ವರ್ಷದಲ್ಲಿ ಅವನಿಗೆ ಇಷ್ಟು ಓದುಗರು ಸಿಕ್ಕಿರಲಿಲ್ಲ. ಬದಲಾವಣೆ ಎಂದರೆ ಹೀಗಿರಬೇಕು ಎಂದು ಅವನಿಗೇ ಅನ್ನಿಸಿ ಮೈ ಜುಮ್ಮೆಂದಿತು. ಇದನ್ನೇ ಆರು ಗಂಟೆಗೆ ಬ್ಲಾಗಿನಲ್ಲಿ ಹಾಕಿಬಿಡುತ್ತೇನೆ, ಸಾಹೇಬರು ತೃಪ್ತಿಕರ ಎಂದು ಒಂದು ಸಹಿ ಹಾಕಿದರೆ ಸಾಕು.

ಐದಕ್ಕೆ ಐದು ನಿಮಿಷ ಇರುವಾಗ ವಿವರಣೆ ಮೇಲೆ ಹೋಯಿತು. ಕಚೇರಿ ಮುಗಿದರೂ ಒಬ್ಬರೂ ಮನೆಗೆ ಹೋಗಲಿಲ್ಲ. ಸಾಹೇಬರ ಕೋಣೆಯಿಂದ ಮೊದಲು ನಗು ಕೇಳಿಸಿತು, ಆಮೇಲೆ ಮೂಗು ಸೀಟಿದ ಸದ್ದು. ಐದೂವರೆಗೆ ಕಡತ ಕೆಳಗಿಳಿಯಿತು. ನಂಬರಪ್ಪ ದಾರ ಬಿಚ್ಚಿ ತೆರೆದ.

"ವಿವರಣೆ ಓದಿದೆ. ಮುಗಿಸುವವರೆಗೆ ಕೆಳಗಿಡಲಾಗಲಿಲ್ಲ. ಇದನ್ನು ತೃಪ್ತಿಕರವೆಂದು ಒಪ್ಪಿಕೊಂಡರೆ ವಿಷಯ ಇಲ್ಲಿಗೇ ಮುಗಿದುಹೋಗುತ್ತದೆ. ಆದ್ದರಿಂದ ಒಪ್ಪಿಕೊಂಡಿಲ್ಲ. ಅರ್ಜಿದಾರರು ಪ್ರತಿ ಸೋಮವಾರ ಹೊಸದೊಂದು ವಿವರಣೆ ಸಲ್ಲಿಸತಕ್ಕದ್ದು. ವಿವರಣೆ ತೃಪ್ತಿಕರವೆಂದು ಕಾಣುವವರೆಗೆ ಬ್ಲಾಗು ಬಂದ್."