ನಾಲ್ಕನೇ ಸೀಟು

ಜನಸಂಖ್ಯೆ ಹೆಚ್ಚಾಯಿತು ಎಂದು ಕೊರಗುವವರೆಲ್ಲ ತಮ್ಮನ್ನು ಬಿಟ್ಟೇ ಎಣಿಸಿರುತ್ತಾರೆ. ನಾನೂ ಅಷ್ಟೇ. ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ನಲ್ಲಿ ಸೊರಗಿದರೆ, ಲಿಫ್ಟಿನಲ್ಲಿ ಉಸಿರು ಕಟ್ಟಿದರೆ, ಈ ಊರಿಗೆ ಇಷ್ಟು ಜನ ಯಾಕಾದರೂ ಬಂದರೋ ಎಂದು ಮೈಸೂರಿನಿಂದ ಬಂದ ನಾನು ನಿಟ್ಟುಸಿರು ಬಿಡುತ್ತೇನೆ. ಇಲ್ಲೇ ಹುಟ್ಟಿದ ಮಗಳು, "ಪಪ್ಪಾ, ಆಪ್ ಭೀ ತೋ ಆಯೇ" ಎಂದು, ನಾನೂ ಬಂದವನೇ ಎಂಬುದನ್ನು ನೆನಪಿಸುತ್ತಾಳೆ. ಆಗ ಮಾತ್ರ ನಾನು ಹಿಂದಿ ಬಾರದವನಂತೆ ಪೇಪರು ಓದುತ್ತೇನೆ.

ಈ ಸಮಸ್ಯೆಗೆ ಲೋಕಲ್ ರೈಲಿನವರು ಎಂದೋ ಪರಿಹಾರ ಕಂಡುಕೊಂಡಿದ್ದಾರೆ. ಮೂವರಿಗೆಂದು ಮಾಡಿದ ಸೀಟಿನಲ್ಲಿ ನಾಲ್ವರು ಕೂರುವುದು. ನಾಲ್ಕನೆಯವನ ಅರ್ಧ ಭಾರ ಸೀಟಿನ ಮೇಲೆ, ಉಳಿದರ್ಧ ದೇವರ ಮೇಲೆ. ಠಾಣೆಯಲ್ಲಿ ಗಾಡಿ ಬದಲಿಸಿ ನವಿ ಮುಂಬೈನ ಆಫೀಸಿಗೆ ಹೋಗುವ ನಾನು ವರ್ಷಗಟ್ಟಲೆ ಆ ನಾಲ್ಕನೆಯವನೇ. ಈಚೆಗೆ ಮಂಡಿ ಕೈಕೊಟ್ಟಿತು. ಹೀಗೇ ನಿಂತು, ನೇತಾಡಿ ಓಡಾಡಿದರೆ ಆಪರೇಷನ್ನೇ ಗತಿ ಎಂದು ಡಾಕ್ಟರು ಹೆದರಿಸಿದರು. ನಿಜವಾಗಿಯೂ ಹೆದರಿದೆ.

ಮೇಲಿನ ಮಹಡಿಯ ಉಡುಪಿಯ ಶೆಟ್ಟರು ಉಪಾಯ ಹೇಳಿಕೊಟ್ಟರು. ಮುಂಬೈಗೆ ವಿರುದ್ಧ ದಿಕ್ಕಿನ ಕಲ್ಯಾಣದವರೆಗೆ ಹೋಗಿ ಅಲ್ಲಿಂದ ಮುಂಬೈಗೆ ತಿರುಗುವ ಗಾಡಿಯನ್ನು ಡೊಂಬಿವಲಿಯಲ್ಲೇ ಹಿಡಿಯುವುದು, ಕಲ್ಯಾಣದಲ್ಲಿ ಇಳಿಯದೆ ಸೀಟು ಹಿಡಿದು ಕೂತಲ್ಲೇ ವಾಪಸು ಬರುವುದು. ನಮ್ಮ ಕಾಟಕ್ಕೆ ಕಲ್ಯಾಣದವರು ಇನ್ನೂ ಹಿಂದಿನ ವಿಠ್ಠಲವಾಡಿಗೆ ಹೋಗಿ ಹತ್ತುತ್ತಾರಂತೆ. ವಿಠ್ಠಲವಾಡಿಯವರು ಎಲ್ಲಿಗೆ ಹೋಗುತ್ತಾರೆಂದು ಕೇಳುವ ಧೈರ್ಯವಾಗಲಿಲ್ಲ.

ಮೊದಲ ದಿನವೇ ಕಿಟಕಿ ಸಿಕ್ಕಿತು. ಪಕ್ಕದಲ್ಲಿ ತೂಕಡಿಸುವ ಒಬ್ಬರು, ಅಂಚಿನಲ್ಲಿ ಶೆಟ್ಟರು. ಮಂಡಿಯನ್ನು ಮೆಲ್ಲಗೆ ಚಾಚಿದೆ, ಸುಖವಾಯಿತು. ದಿವಾ ಸ್ಟೇಷನ್ನಿನಲ್ಲಿ ಹೇಗೋ ನುಗ್ಗಿ ಬಂದವನೊಬ್ಬ ಬೆವರು ಒರೆಸಿಕೊಳ್ಳುತ್ತ, "ಥೋಡಾ ಸರಕೋ ಭಾಯ್," ಸ್ವಲ್ಪ ಸರಿಯಿರಿ, ಎಂದು ಹಿಂದಿಯಲ್ಲಿ ಕೇಳಿದ.

"ತೀನ್ ಕೀ ಸೀಟ್ ಹೈ," ಮೂವರದೇ ಸೀಟು ಎಂದೆ, ರೈಲು ನಮ್ಮಪ್ಪನದೇ ಎಂಬ ಗತ್ತಿನಲ್ಲಿ.

ಶೆಟ್ಟರು ನನ್ನ ಮುಖವನ್ನೇ ನೋಡಿದರು. "ನಿನ್ನೆವರೆಗೆ ನೀವು ಎಷ್ಟನೆಯವರು ಮಾರಾಯ್ರೆ? ಜರುಗಿ."

ಜರುಗಿದೆ. ಮಂಡಿ ಗೋಡೆಗೆ ಒತ್ತಿ ಜೀವ ಹೋಗುವಂತಾಯಿತು. ಮನಸ್ಸಿನಲ್ಲೇ ಅವನ ವಂಶವನ್ನೆಲ್ಲ ಬೈದೆ. ಠಾಣೆ ಹತ್ತಿರವಾದಾಗ ಏಳಲಾಗದೆ ಒದ್ದಾಡುತ್ತಿದ್ದರೆ ಅವನೇ ತೋಳು ಹಿಡಿದು ಎಬ್ಬಿಸಿದ. "ಸಾವಕಾಶ್, ಕಾಕಾ," ಎನ್ನುತ್ತ ಜನರನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಟ್ಟ. ನಾಚಿಕೆಯಾಯಿತು. ಬಾಗಿಲ ಬಳಿಯಿಂದ ಥ್ಯಾಂಕ್ಸ್ ಹೇಳೋಣವೆಂದು ತಿರುಗಿದೆ. ಶೆಟ್ಟರು ಒಳಗೆ ಸರಿದಿದ್ದರು, ಅವನು ಮೂರನೆಯವನಾಗಿ ಕಾಲು ಚಾಚಿ ಕೂತಿದ್ದ. ಎದುರಿಗೆ ನಿಂತವನೊಬ್ಬ ಏನೋ ಕೇಳಿದ. ಇವನು ತಲೆಯೆತ್ತದೆ, "ತೀನ್ ಕೀ ಸೀಟ್ ಹೈ" ಎಂದ.

ನನಗೆ ಮೈಯೆಲ್ಲ ಉರಿಯಿತು. ಎಂಥ ಜನ ಎಂದುಕೊಳ್ಳುತ್ತ ಕುಂಟಿಕೊಂಡು ನವಿ ಮುಂಬೈ ಗಾಡಿ ಹತ್ತಿದೆ. ಅಲ್ಲಿ ಒಂದು ಸೀಟಿನಲ್ಲಿ ಬರೀ ಮೂವರು ಕೂತಿದ್ದರು. ಈ ಊರಿಗೆ ಇಷ್ಟು ಜನ ಎಲ್ಲಿಂದ ಬರುತ್ತಾರೋ ಎಂದು ನಿಟ್ಟುಸಿರು ಬಿಟ್ಟು, "ಥೋಡಾ ಸರಕೋ ಭಾಯ್" ಎಂದೆ.