ನನ್ನ ಕಡೆಗೇ ಬಂದ ಚೆಂಡು

ಕೆಲವರಿಗೆ ಹಾವು ಕಂಡರೆ ಭಯ, ಕೆಲವರಿಗೆ ಲಿಫ್ಟು ಹತ್ತಲು ಭಯ, ಇನ್ನು ಕೆಲವರಿಗೆ ಹೆಂಡತಿ ಮಾತಾಡದೆ ಕೂತರೆ ಭಯ. ಇವೆಲ್ಲ ಮರ್ಯಾದಸ್ಥರ ಭಯಗಳು. ನಾಲ್ಕು ಜನರ ಮುಂದೆ ಹೇಳಿಕೊಂಡರೆ ಯಾರೂ ನಗುವುದಿಲ್ಲ. ನನ್ನದು ಅಂಥದ್ದಲ್ಲ. ನನಗೆ ಚೆಂಡು ಕಂಡರೆ ಭಯ. ಅಂಗಡಿಯ ಬುಟ್ಟಿಯಲ್ಲಿ ತನ್ನ ಪಾಡಿಗೆ ಕೂತಿರುವ ಚೆಂಡಿನ ಮೇಲೆ ನನಗೇನೂ ತಕರಾರಿಲ್ಲ. ಗಾಳಿಯಲ್ಲಿ ನನ್ನ ದಿಕ್ಕಿಗೆ ಹೊರಟ ಚೆಂಡು ಮಾತ್ರ, ಅದು ಪ್ಲಾಸ್ಟಿಕ್ಕಿನದೇ ಆಗಿರಲಿ, ನನ್ನ ಮುಖವನ್ನೇ ಹುಡುಕಿಕೊಂಡು ಬರುತ್ತಿದೆ ಅನ್ನಿಸುತ್ತದೆ. ತುಮಕೂರಿನಲ್ಲಿ ನಮ್ಮ ಬೀದಿಯ ಕ್ರಿಕೆಟ್ಟಿಗೆ ಯಾವಾಗಲೂ ನಾನೇ ಅಂಪೈರು. ನ್ಯಾಯಕ್ಕೆ ಹೆಸರಾಗಿದ್ದೆ ಎಂದು ಹೆಂಡತಿ ಶೀಲಾಳ ಹತ್ತಿರ ಕೊಚ್ಚಿಕೊಂಡಿದ್ದೇನೆ. ಅಂಪೈರಾದವನು ಕ್ಯಾಚು ಹಿಡಿಯಬೇಕಾಗಿಲ್ಲ ಎಂಬ ಮುಖ್ಯ ಕಾರಣವನ್ನು ಹೇಳಿಲ್ಲ.

ಈ ಭಯಕ್ಕೆ ನನ್ನ ಉದ್ಯೋಗವೂ ಚೆನ್ನಾಗಿ ನೀರೆರೆದಿದೆ. ಆಕ್ಲೆಂಡಿನಿಂದ ಒಂದೂವರೆ ಗಂಟೆ ದಾರಿಯ ಹ್ಯಾಮಿಲ್ಟನ್ನಿನ ಒಂದು ಆಸ್ಪತ್ರೆಯಲ್ಲಿ ನಾನು ಎಕ್ಸ್-ರೇ ತೆಗೆಯುವವನು. ಸೋಮವಾರ ಬೆಳಿಗ್ಗೆ ಬರುವವರನ್ನು ಹೇಗಾಯಿತು ಅಂತ ಕೇಳಿದರೆ ಬಹಳ ಜನ ಹೇಳುವುದು ಆಟದ ಕಥೆಯೇ. ಮುರಿದ ಬೆರಳನ್ನು ಎತ್ತಿ ಹಿಡಿದುಕೊಂಡು, "ಆದರೂ ಗೆದ್ದೆವು" ಎಂದು ನಗುತ್ತಾರೆ. ನಾನು ತೆರೆಯ ಮೇಲೆ ಅವರ ಮೂಳೆ ನೋಡುತ್ತ ನನ್ನ ಬೆರಳನ್ನು ಮುಟ್ಟಿ ನೋಡಿಕೊಳ್ಳುತ್ತೇನೆ. ಮನುಷ್ಯನ ಕೆನ್ನೆಯ ಮೂಳೆ ಎಷ್ಟು ತೆಳು ಎಂಬುದು ಜನರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಎಲ್ಲರೂ ಮನೆಯಲ್ಲೇ ಕೂತು ಚೌಕಾಬಾರ ಆಡುತ್ತಿದ್ದರು.

ಇಂಥವನಿಗೆ ದೇವರು ಕೊಟ್ಟಿದ್ದು ಸಾಫ್ಟ್‌ಬಾಲ್ ಆಡುವ ಮಗಳನ್ನು. ಚಾರ್ವಿಗೆ ಒಂಬತ್ತು ವರ್ಷ. ನಮ್ಮ ಬಡಾವಣೆ ರೊಟೊಟೂನದ ಶಾಲೆಯ ತಂಡದಲ್ಲಿದ್ದಾಳೆ. ಸಾಫ್ಟ್‌ಬಾಲ್ ಅಂದರೆ ಬೇಸ್‌ಬಾಲಿನ ತಂಗಿ. ಈ ವರ್ಷ ಆಕ್ಲೆಂಡಿನಲ್ಲಿ ಸಂಬಳಕ್ಕೆ ಆಡುವವರ ಬೇಸ್‌ಬಾಲ್ ತಂಡವೊಂದು ಹೊಸದಾಗಿ ಶುರುವಾಗಿದೆ. ನಾನು ಈ ದೇಶಕ್ಕೆ ಓದಲು ಬಂದ ಕಾಲದಲ್ಲಿ ನನ್ನ ಫ್ಲ್ಯಾಟ್‌ಮೇಟ್ ಆಗಿದ್ದ ಇಮ್ತಿಯಾಝ್ ಈಗ ಆಕ್ಲೆಂಡಿನ ನ್ಯೂ ಲಿನ್‌ನಲ್ಲಿದ್ದಾನೆ. ಒಂದು ದಿನ ಫೋನ್ ಮಾಡಿದ. "ಲೋ, ಭಾನುವಾರ ಮಧ್ಯಾಹ್ನದ್ದು ಮೂರು ಟಿಕೆಟ್ ಇದೆ ಕಣೋ. ಮಗೂನ ಕರ್ಕೊಂಡು ಬಾ. ಸೀಟು ಹೆಂಗಿದೆ ಅಂದ್ರೆ ಆಡೋರ ಬೆವರೂ ಕಾಣ್ಸುತ್ತೆ." ಬೆವರು ಕಾಣುವಷ್ಟು ಹತ್ತಿರ ಎಂದರೆ ಚೆಂಡಿಗೂ ಅಷ್ಟೇ ಹತ್ತಿರ. ನಾನು ಒಂದು ಒಳ್ಳೆಯ ನೆಪ ಹುಡುಕುತ್ತಿದ್ದೆ. ಆದರೆ ಫೋನು ಸ್ಪೀಕರಿನಲ್ಲಿತ್ತು, ಚಾರ್ವಿ ಆಗಲೇ ತನ್ನ ಗ್ಲೌಸ್ ಹುಡುಕಲು ಓಡಿದ್ದಳು.

ಹೊರಡುವಾಗ ಶೀಲಾ, "ರೀ, ಅವಳ ಮೇಲೆ ಒಂದು ಕಣ್ಣಿರ್ಲಿ, ಚೆಂಡು ಗಿಂಡು ತಾಗೀತು" ಅಂದಳು. "ನಾನಿದೀನಲ್ಲ" ಅಂದೆ. ಇಡೀ ದಾರಿ ಹಿಂದಿನ ಸೀಟಿನಿಂದ ಚಾರ್ವಿಯದು ಒಂದೇ ಮಂತ್ರ: "ಅಪ್ಪ, ಐ ಜಸ್ಟ್ ವಾಂಟ್ ಒನ್ ಬಾಲ್." ಅಲ್ಲಿ ಅಂಗಡಿ ಇರುತ್ತೆ, ಕೊಡಿಸ್ತೀನಿ ಬಿಡು ಅಂದೆ. "ನಾಟ್ ದಟ್ ಕೈಂಡ್" ಎಂದು ಕಿಟಕಿಯ ಕಡೆ ತಿರುಗಿದಳು. ಯಾವ ಥರದ್ದು ಎಂದು ಕೇಳುವ ವ್ಯವಧಾನ ನನಗಿರಲಿಲ್ಲ. ನನ್ನ ಜೀವವೆಲ್ಲ ಕೆನ್ನೆಯ ಮೂಳೆಯಲ್ಲಿತ್ತು.

ಮೈದಾನದ ಬಾಗಿಲಲ್ಲೇ ಒಂದು ಫಲಕ: ಚೆಂಡು ಪ್ರೇಕ್ಷಕರ ನಡುವೆ ಬೀಳಬಹುದು, ಗಮನವಿರಲಿ. ಎಲ್ಲರೂ ಅದರ ಕೆಳಗೆ ನಿಂತು ಐಸ್‌ಕ್ರೀಮ್ ತಿನ್ನುತ್ತಿದ್ದರು. ನಾನೊಬ್ಬನೇ ಅದನ್ನು ಎರಡು ಸಲ ಓದಿದೆ. ಬ್ಯಾಟು ಬೀಸುವವನ ಹಿಂದೆ ಎತ್ತರದ ಬಲೆ ಕಟ್ಟಿದ್ದರು, ಅದನ್ನು ನೋಡಿ ಜೀವ ಬಂತು. ನಮ್ಮ ಸೀಟು ಬಲೆ ಮುಗಿದ ಮೇಲಿನ ಮೂರನೆಯದು. ಕ್ರಿಕೆಟ್ಟಿನಲ್ಲಿ ಚೆಂಡು ಜನರವರೆಗೆ ಬರುವಷ್ಟರಲ್ಲಿ ಒಂದಿಷ್ಟು ಸುಸ್ತಾಗಿರುತ್ತದೆ. ಇಲ್ಲಿ ಹಾಗಲ್ಲ. ಬ್ಯಾಟಿಗೆ ಸರಿಯಾಗಿ ತಾಗದ ಚೆಂಡು ಅಡ್ಡಕ್ಕೆ ಸಿಡಿದು ನೇರವಾಗಿ ನಮ್ಮ ಕಡೆಗೇ ಹಾರುತ್ತದೆ. "ಬಾಲ್ ಬಂದ್ರೆ ನನ್ನ ಹಿಂದೆ ಬಂದ್ಬಿಡು ಪುಟ್ಟ" ಎಂದು ಮಗಳಿಗೆ ಹೇಳಿ, ಚಿತ್ರಾನ್ನದ ಡಬ್ಬಿಯಿದ್ದ ಬ್ಯಾಗನ್ನು ಎದೆಗೆ ಅಪ್ಪಿಕೊಂಡು ಕೂತೆ. ಪ್ರತಿ ಸಲ ಬ್ಯಾಟು ಬೀಸಿದಾಗಲೂ ನನ್ನ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಹೀಗಾಗಿ ಒಂದೂವರೆ ಗಂಟೆ ಆಟ ನೋಡಿಯೂ ಒಂದು ಹೊಡೆತವನ್ನೂ ನಾನು ನೋಡಲಿಲ್ಲ.

ಆಟ ಅರ್ಧಕ್ಕೆ ಬಂದಾಗ ಇಮ್ತಿಯಾಝ್ ಚಿಪ್ಸ್ ತರುತ್ತೇನೆಂದು ಎದ್ದುಹೋದ. ಆಮೇಲೆ ಟಪ್ಪೆಂದು ಸದ್ದಾಯಿತು. ಸುತ್ತಲಿನವರೆಲ್ಲ ಒಟ್ಟಿಗೇ ಎದ್ದು ನಿಂತರು, ಮತ್ತು ನಾನು ಸೀಟಿನ ಕೆಳಗಿದ್ದೆ. ಯಾವಾಗ ಹೋದೆನೋ ಗೊತ್ತಿಲ್ಲ. ಬ್ಯಾಗು ತಲೆಯ ಮೇಲಿತ್ತು, ಮೊಣಕಾಲು ಸಿಮೆಂಟಿಗೆ ಉಜ್ಜಿತ್ತು, ಬಾಯಿಯಿಂದ ಅಮ್ಮಾ ಅಂತಲೂ ಬಂದಿರಬೇಕು. ಮೇಲೆ ಇನ್ನೊಂದು ಟಪ್ ಕೇಳಿಸಿತು. ಆಗ ನೆನಪಾಯಿತು, ಮಗಳು ಮೇಲಿದ್ದಾಳೆ. ಅವಳಿಗೆ ಅಡ್ಡ ನಿಲ್ಲಬೇಕಾದವನು ಕೆಳಗಿದ್ದೇನೆ. ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದು ಆ ಒಂದು ಕ್ಷಣದಲ್ಲಿ, ಅದು ಚೆಂಡಿಗೆ ಅಲ್ಲ.

ಎದ್ದು ನೋಡಿದರೆ ಚಾರ್ವಿ ನಿಂತಿದ್ದಳು, ಎಲ್ಲಿಯೂ ಪೆಟ್ಟಾಗಿರಲಿಲ್ಲ. ಚೆಂಡು ಮುಂದಿನ ಖಾಲಿ ಸೀಟಿಗೆ ಬಡಿದು ಅವಳ ಗ್ಲೌಸಿನೊಳಗೆ ಬಂದು ಕೂತಿತ್ತು. ಅವಳು ಬಾಯಿ ಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ಸುತ್ತಲೂ ಚಪ್ಪಾಳೆ. ಮೈದಾನದಲ್ಲಿ ಆಟ ನಿಂತು, ಆಟಗಾರರೆಲ್ಲ ನಮ್ಮ ಕಡೆ ತಿರುಗಿದ್ದರು. ತುಮಕೂರಿನ ಬೀದಿಯಲ್ಲಿ ಬೆಳೆದವನಿಗೆ ಇದರ ಅರ್ಥ ಒಂದೇ: ಚೆಂಡು ಬೇಗ ಕೊಡಿ, ಆಟ ನಿಂತಿದೆ. ಅಲ್ಲದೆ, ಆಗಷ್ಟೇ ಹೋದ ಮಾನವನ್ನು ಸ್ವಲ್ಪವಾದರೂ ವಾಪಸ್ ತರುವ ಆತುರ ಬೇರೆ. ಮಗಳ ಗ್ಲೌಸಿನಿಂದ ಚೆಂಡು ಕಿತ್ತುಕೊಂಡು, ಇದ್ದ ಶಕ್ತಿಯನ್ನೆಲ್ಲ ಹಾಕಿ ಮೈದಾನಕ್ಕೆ ಎಸೆದೆ.

ಚಪ್ಪಾಳೆ ನಿಂತುಹೋಯಿತು. ಜನರಿಂದ "ಓ" ಎಂಬ ಒಂದು ಉದ್ದನೆಯ ನಿಟ್ಟುಸಿರು ಬಂತು. ಆಟಗಾರನೊಬ್ಬ ಚೆಂಡು ಎತ್ತಿಕೊಂಡು, ಇದು ಯಾಕೆ ಬಂತು ಅನ್ನುವ ಹಾಗೆ ನನ್ನನ್ನು ನೋಡಿದ. ಅಂಪೈರು ಅಷ್ಟರಲ್ಲಿ ಸೊಂಟದ ಚೀಲದಿಂದ ಬೇರೆ ಚೆಂಡು ತೆಗೆದುಕೊಟ್ಟಾಗಿತ್ತು. ಎರಡೂ ಕೈಯಲ್ಲಿ ಚಿಪ್ಸ್ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ ಇಮ್ತಿಯಾಝ್, "ಏನೋ ಮಾಡ್ದೆ ಮಾರಾಯ? ಈ ಆಟದಲ್ಲಿ ಚೆಂಡು ಯಾರಿಗೆ ಸಿಗುತ್ತೋ ಅವ್ರದ್ದೇ ಕಣೋ. ಮನೆಗೆ ತಗೊಂಡು ಹೋಗ್ಬಹುದು" ಅಂದ. ನಾನು ಚಾರ್ವಿಯ ಮುಖ ನೋಡಿದೆ. ಅವಳು ಅಳಲಿಲ್ಲ. ಖಾಲಿ ಗ್ಲೌಸನ್ನು ಒಮ್ಮೆ ತೆರೆದು, ಮುಚ್ಚಿ, ಮಡಿಲಲ್ಲಿ ಇಟ್ಟುಕೊಂಡಳು. ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು.

ವಾಪಸ್ ಬರುವಾಗ ಕಾರಿನಲ್ಲಿ, ಇವಳು ಮನೆಯಲ್ಲಿ ಏನು ಹೇಳುತ್ತಾಳೋ ಎಂದು ಕನ್ನಡಿಯಲ್ಲಿ ಮತ್ತೆ ಮತ್ತೆ ಅವಳ ಮುಖ ನೋಡುತ್ತಿದ್ದೆ. ಒಂದೆರಡು ಸಲ "ಸಾರಿ ಪುಟ್ಟ" ಅಂದೆ. "ಇಟ್ಸ್ ಓಕೆ" ಅಂದಳು. ಬಾಗಿಲು ತೆರೆದ ಶೀಲಾ, "ಹೇಗಿತ್ತೇ?" ಎಂದು ಕೇಳಿದಳು. ನಾನು ಶೂ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದೆ. ಚಾರ್ವಿ, "ಅಪ್ಪ ಥ್ರೂ ಅ ಬಾಲ್. ಇಟ್ ವೆಂಟ್ ರಿಯಲಿ ಫಾರ್" ಎಂದಳು. ನಾನು ಚೆಂಡು ಎಸೆದದ್ದೂ ನಿಜ, ಅದು ದೂರ ಹೋದದ್ದೂ ನಿಜ, ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಸೀಟಿನ ಕೆಳಗಿನ ಅಪ್ಪನನ್ನು ಅವಳು ಅಲ್ಲಿಯೇ ಬಿಟ್ಟು ಬಂದಿದ್ದಳು. ಅವಳ ವಯಸ್ಸಿನಲ್ಲಿ ನನಗೆ ನನ್ನ ಹೆದರಿಕೆಯನ್ನು ಮುಚ್ಚಿಡುವುದಷ್ಟೇ ಬರುತ್ತಿತ್ತು. ಇನ್ನೊಬ್ಬರದನ್ನು ಮುಚ್ಚಿಡಬಹುದು ಎಂಬುದೇ ಗೊತ್ತಿರಲಿಲ್ಲ. 

ಮಾರನೆಯ ದಿನ ಸಂಜೆ ಅವಳು ಒಂದು ಸಾಫ್ಟ್‌ಬಾಲ್ ಹಿಡಿದು ಹಿತ್ತಲಿನಲ್ಲಿ ಕಾಯುತ್ತಿದ್ದಳು. "ಯೂ ಥ್ರೋ ವೆಲ್, ಅಪ್ಪ. ಕಮ್" ಎಂದಳು. ಇಲ್ಲ ಎನ್ನಲು ಯಾವ ಮುಖವಿತ್ತು? ಅಂದಿನಿಂದ ದಿನವೂ ಆಡುತ್ತಿದ್ದೇವೆ. ಎಸೆಯುವುದರಲ್ಲಿ ನನಗೆ ತೊಂದರೆಯಿಲ್ಲ, ಅವಳು ವಾಪಸ್ ಎಸೆಯುವುದೇ ಕಷ್ಟ. ಆದರೆ ಅವಳು ಮೆಲ್ಲಗೆ, ಮಗುವಿಗೆ ಎಸೆಯುವಂತೆ, ನೆಲದ ಮೇಲೆ ಒಂದು ಸಲ ಪುಟಿದು ಬರುವ ಹಾಗೆ ಎಸೆಯುತ್ತಾಳೆ. ಅಪ್ಪನಿಗೆ ಇದು ಗೊತ್ತಾಗಿಲ್ಲ ಎಂದುಕೊಂಡಿದ್ದಾಳೆ. ಗೊತ್ತಾಗಿದೆ. ಇಷ್ಟು ಮೆಲ್ಲಗೆ ಎಸೆಯಬೇಕಾಗಿಲ್ಲ ಪುಟ್ಟ ಎಂದು ಹೇಳುವುದೇ ತಂದೆಯಾದವನಿಗೆ ಶೋಭೆ ಎಂಬುದೂ ಗೊತ್ತು. ಹೇಳಿಲ್ಲ. ಹೇಳಿದರೆ ಅವಳು ಜೋರಾಗಿ ಎಸೆದುಬಿಟ್ಟಾಳು ಎಂಬ ಭಯ.